ಮನೆ ಮುಖದ ಮೇಲೊಂದು ಪೈಪು

ಬ್ಲಾಗಿನ ಕಡೆ ತಲೆ ಹಾಕಿ ಹತ್ತಿರ ಹತ್ತಿರ ಎಂಟು ತಿಂಗಳಾಯ್ತು. ಕಾರಣ ನಿಮ್ಮಲ್ಲಿ ಕೆಲವರಿಗೆ ಗೊತ್ತು, ಮನೆ ಕಟ್ಟಿಸ್ತಾ ಇದ್ವಿ. (ಆ ಗಾದೆ ಹೇಳಲ್ಲ, ಹೆದರಬೇಡಿ. ಈ ಎಂಟು ತಿಂಗಳಲ್ಲಿ ಅದನ್ನ ನನಗೆ ಹೇಳದವರೇ ಇಲ್ಲ.) ಟೈಲ್ಸು, ಮರಳು, ಬೆಸ್ಕಾಂ, ಮೇಸ್ತ್ರಿಯ ಮೊಬೈಲು ಸ್ವಿಚ್ಡ್ ಆಫ್... ಎಲ್ಲದರ ಬಗ್ಗೆ ಬರೆಯೋಕೆ ಹೊರಟರೆ ಈ ಜನ್ಮ ಸಾಲದು. ಇವತ್ತು ಬರೀತಿರೋದು ಒಂದೇ ವಿಷಯ. ತಾರಸಿ ನೀರು ಇಳಿಯೋ ಪೈಪು.

ನಗಬೇಡಿ. ಈ ಪೈಪಿನ ದೆಸೆಯಿಂದ ನಮ್ಮನೇಲಿ ನಾಲ್ಕು ದಿನ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಗೃಹಪ್ರವೇಶಕ್ಕೆ ಇನ್ನು ಹದಿನೈದು ದಿನ ಇದೆ ಅನ್ನುವಾಗ ಮುಂದಿನ ಸಾರುವೆ ಮರ ಬಿಚ್ಚಿದರು. ಅಲ್ಲೀವರೆಗೆ ಹಸಿರು ಬಲೆ ಕಟ್ಟಿದ್ದರಿಂದ ಮನೆಯ ಮುಖ ಪೂರ್ತಿ ಕಂಡಿರಲಿಲ್ಲ. ನಾನು, ನಮ್ಮನೆಯವರು, ಅತ್ತೆ ಮೂರೂ ಜನ ರಸ್ತೆಯ ಆ ಕಡೆ ನಿಂತು ನೋಡಿದ್ವಿ. ಕೆನೆ ಬಣ್ಣದ ಗೋಡೆ, ಬಾಲ್ಕನಿ ಕೆಳಗೆ ಸಾದರಹಳ್ಳಿ ಕಲ್ಲಿನ ಪಟ್ಟಿ, ತೇಗದ ಮುಂಬಾಗಿಲು. ಅದರ ಪಕ್ಕದಲ್ಲೇ ನಾಲ್ಕಿಂಚಿನ ಬೂದು ಬಣ್ಣದ ಪಿವಿಸಿ ಪೈಪು! ಆ ಕಡೆ ಬಾಲ್ಕನಿ ಹತ್ರ ಇನ್ನೊಂದು. ಅದಂತೂ ಪ್ಯಾರಪೆಟ್ಟಿನಿಂದ ಹೊರಗೆ ಬಂದು, ಬಾಲ್ಕನಿ ಅಡ್ಡ ಸಿಕ್ಕಿತು ಅಂತ ಎಡಕ್ಕೆ ತಿರುಗಿ, ಮತ್ತೆ ಬಲಕ್ಕೆ ಬಂದು, ಸಜ್ಜಾ ದಾಟೋಕೆ ಹೊರಕ್ಕೆ ಬಾಗಿ, ಮತ್ತೆ ಗೋಡೆಗೆ ಅಂಟಿಕೊಂಡು ಇಳಿದಿತ್ತು. ಎಲ್ಬೋ ಎಣಿಸಿದೆ, ನಾಲ್ಕು. ಶೃಂಗಾರ ಮಾಡಿ ಕೂರಿಸಿದ ಮದುಮಗಳ ಮೂಗಿಗೆ ಆಸ್ಪತ್ರೆ ನಳಿಗೆ ಸಿಗಿಸಿದ ಹಾಗೆ.

ಅತ್ತೆ "ಇದು ಆಮೇಲೆ ತೆಗೀತಾರಲ್ವಾ?" ಅಂದರು. ನಮ್ಮನೆಯವರು ಮಾತೇ ಆಡಲಿಲ್ಲ. ಅವರು ಬೈದರೆ ಪರವಾಗಿಲ್ಲ, ಸುಮ್ಮನಾದರೆ ಕಷ್ಟ. ಹದಿನೈದು ವರ್ಷ ಬಾಡಿಗೆ ಮನೆಯಲ್ಲಿದ್ದು, ಪ್ರತಿ ಭಾನುವಾರ ಬೇರೆಯವರ ಮನೆ ಎಲಿವೇಷನ್ ಫೋಟೋ ಹೊಡ್ಕೊಂಡು ಬಂದು ಕಂಪ್ಯೂಟರಿನಲ್ಲಿ ಒಂದು ಫೋಲ್ಡರ್ ಮಾಡಿಟ್ಟಿದ್ದ ಮನುಷ್ಯ. ಇನ್ನು ಇಪ್ಪತ್ತು ವರ್ಷ ಕಂತು ಕಟ್ಟಬೇಕಾಗಿರೋದು ಈ ಮುಖ ನೋಡ್ಕೊಂಡೇ.

ಎಂಜಿನಿಯರ್‌ಗೆ ಫೋನ್ ಮಾಡಿದರೆ, "ಸರ್, ನೀರು ಎಲ್ಲಾದ್ರೂ ಇಳೀಲೇಬೇಕಲ್ಲಾ?" ಅಂದರು. ಮಾತು ಸರಿಯೇ. ಆದರೆ ಅದನ್ನ ನಕ್ಷೆ ಬರೆಯುವಾಗ ಹೇಳಬೇಕಿತ್ತು.

ನನ್ನ ತಕರಾರು ಶುರುವಾಗೋದು ಇಲ್ಲಿಂದ. ಮನೆ ಕಟ್ಟಿಸಿದವರೆಲ್ಲ ನಿಮ್ಮ ಹತ್ರ ಇರೋ ಆ ತ್ರೀ-ಡಿ ಚಿತ್ರ ತೆಗೆದು ನೋಡಿ. ನೀಲಿ ಆಕಾಶ, ಎರಡು ತಾಳೆ ಮರ, ನಮ್ಮ ಜನ್ಮದಲ್ಲಿ ಕೊಳ್ಳೋಕಾಗದ ಒಂದು ಕಾರು, ಪಕ್ಕದಲ್ಲಿ ಯಾವುದೋ ಬಿಳಿ ಹುಡುಗಿ ಬ್ಯಾಗು ಹಿಡಕೊಂಡು ನಡೀತಿರ್ತಾಳೆ. ಕರೆಂಟ್ ಕಂಬ ಇಲ್ಲ, ಮೀಟರ್ ಬೋರ್ಡ್ ಇಲ್ಲ, ನೀರಿನ ಪೈಪ್ ಇಲ್ಲ. ಆ ಚಿತ್ರದ ಊರಲ್ಲಿ ಮಳೆಯೇ ಬರಲ್ಲ. ನಾವು ಆ ಚಿತ್ರ ನೋಡಿ ಬಣ್ಣ, ಕಲ್ಲು, ರೇಲಿಂಗು ಎಲ್ಲ ಆರಿಸ್ತೀವಿ. ಆಮೇಲೆ ಪ್ಲಂಬರ್ ಬಂದು, ಯಾರೂ ಏನೂ ಹೇಳದೇ ಇದ್ದಿದ್ದರಿಂದ, ತನಗೆ ಹತ್ತಿರ ಆಗೋ ಜಾಗದಲ್ಲಿ ಪೈಪ್ ಇಳಿಸಿ ಹೋಗ್ತಾನೆ. ಅವನದ್ದೇನು ತಪ್ಪು?

ಆಯ್ತು, ಆದರೆ ಮನೆ ಮುಂದೇನೇ ಯಾಕೆ? ಹಿಂದೆ ಇಳಿಸಬಹುದಿತ್ತಲ್ಲ? ಇದಕ್ಕೆ ಉತ್ತರ ಹುಡುಕ್ತಾ ನಮ್ಮ ಲೇಔಟಿನ ಎರಡು ರಸ್ತೆ ಸುತ್ತಿದೆ. ತಮಾಷೆ ಅಂದ್ರೆ ಪೂರ್ವಕ್ಕೋ ಉತ್ತರಕ್ಕೋ ಬಾಗಿಲಿರೋ ಮನೆಗಳಲ್ಲೇ ಈ ಗೋಳು ಜಾಸ್ತಿ. ವಾಸ್ತು ನೋಡೋರು ಹೇಳೋ ಪ್ರಕಾರ ತಾರಸಿ ನೀರು ಈಶಾನ್ಯಕ್ಕೆ ಹರೀಬೇಕು. ಪೂರ್ವದ ಮನೆಗೆ ಈಶಾನ್ಯ ಅಂದರೆ ಮುಂದಿನ ಮೂಲೆ. ಬಾಗಿಲನ್ನೂ ಅದೇ ವಾಸ್ತು ಈಶಾನ್ಯದ ಕಡೆಗೇ ತಳ್ಳತ್ತೆ. ಸಂಪೂ ಅಲ್ಲೇ. ಅಲ್ಲಿಗೆ ಪೈಪು, ಬಾಗಿಲು, ಸಂಪು ಮೂರೂ ಒಂದೇ ಮೂಲೆಗೆ ಬಂದು ಕೂತವು. ಅದೃಷ್ಟ ತರೋ ದಿಕ್ಕು ಅಂತ ಪೂರ್ವದ ಸೈಟಿಗೆ ಜಾಸ್ತಿ ದುಡ್ಡು ಕೊಟ್ಟು, ಆ ಅದೃಷ್ಟದ ಜೊತೆ ಪೈಪನ್ನೂ ತಂದ್ಕೊಂಡ ಹಾಗಾಯ್ತು :-) ವಾಸ್ತು ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು, ನಾನು ಆ ಜಗಳಕ್ಕೆ ಬರಲ್ಲ. ನಮ್ಮನೇಲಿ ಅತ್ತೆ ನಂಬ್ತಾರೆ, ಅಲ್ಲಿಗೆ ಚರ್ಚೆ ಮುಗೀತು.

ಇನ್ನೊಂದು ಕಾರಣ ಒಳ್ಳೇದೇ. ಬೆಂಗಳೂರಿನಲ್ಲಿ 2009ರ ಕಾನೂನಿನ ಪ್ರಕಾರ 30-40 ಸೈಟು ಮತ್ತು ಅದಕ್ಕಿಂತ ದೊಡ್ಡದರಲ್ಲಿ ಹೊಸ ಮನೆ ಕಟ್ಟಿದರೆ ಮಳೆನೀರು ಕೊಯ್ಲು ಕಡ್ಡಾಯ. ಸಂಪು, ಫಿಲ್ಟರು, ಇಂಗುಗುಂಡಿ ಎಲ್ಲ ಮುಂದಿನ ಖಾಲಿ ಜಾಗದಲ್ಲೇ ಇರೋದ್ರಿಂದ ನೀರು ಮುಂದಕ್ಕೇ ಬರಬೇಕು. ಮೊದಲಾದರೆ ಪ್ಯಾರಪೆಟ್ಟಿಗೆ ಒಂದಡಿ ಪೈಪಿನ ತುಂಡು ಸಿಗಿಸಿ, ನೀರು ದಬದಬ ಅಂತ ರಸ್ತೆಗೋ ಪಕ್ಕದವರ ಸೈಟಿಗೋ ಬೀಳೋ ಹಾಗೆ ಬಿಡ್ತಿದ್ರು. (ನಮ್ಮ ಹಳೇ ಬಾಡಿಗೆ ಮನೆ ಓನರಿಗೂ ಪಕ್ಕದ ಮನೆಯವರಿಗೂ ಮಾತು ಬಿಟ್ಟಿದ್ದು ಇಂಥದ್ದೇ ಒಂದು ತುಂಡಿನಿಂದ.) ಇನ್ನು ಕೆಲವರು ಸದ್ದಿಲ್ಲದೆ ಒಳಚರಂಡಿಗೆ ಸೇರಿಸಿಬಿಡ್ತಾರೆ. ಅದು ಮಾಡೋ ಹಾಗಿಲ್ಲ. ದೊಡ್ಡ ಮಳೆ ಬಂದಾಗ ಮ್ಯಾನ್‌ಹೋಲ್ ಉಕ್ಕಿ ತಗ್ಗಿನ ಮನೆಯವರ ಬಚ್ಚಲಲ್ಲಿ ಕೊಳಚೆ ಏಳೋದು ಹೀಗೇ.

ನಾನು ಹುಟ್ಟಿದ್ದು ತೀರ್ಥಹಳ್ಳಿ ಕಡೆ. ನಮ್ಮಲ್ಲಿ ಈ ಸಮಸ್ಯೆಯೇ ಇರಲಿಲ್ಲ, ಅಥವಾ ಇದೊಂದು ಸಮಸ್ಯೆ ಅಂತ ಯಾರಿಗೂ ಅನ್ನಿಸಿರಲಿಲ್ಲ. ಹಂಚಿನ ಮಾಡು, ಇಳಿಜಾರು. ಬಿದ್ದ ನೀರು ಸೂರಿನ ಉದ್ದಕ್ಕೂ ಹಂಚಿಕೊಂಡು ಇಳಿಯತ್ತೆ, ಒಂದೊಂದು ಹಂಚಿನ ಓಳಿಗೆ ಒಂದೊಂದು ದಾರ. ಆಷಾಢದಲ್ಲಿ ಜಗುಲಿ ಮೇಲೆ ಕೂತರೆ ಎದುರಿಗೆ ನೀರಿನ ಪರದೆ. ಬಾಗಿಲ ಎದುರು ಓಡಾಡೋ ಜಾಗದಲ್ಲಿ ತಲೆ ಮೇಲೆ ಬೀಳಬಾರದು ಅಂತ ಸೂರಿನ ಕೆಳಗೆ ಅಡಿಕೆ ಮರ ಸೀಳಿ ಕೊರೆದ ದಬ್ಬೆ ಕಟ್ಟೋರು. ಅದು ನೀರನ್ನ ಪಕ್ಕಕ್ಕೆ ಒಯ್ದು ಅಂಗಳದ ಹಂಡೆಗೆ ಬೀಳಿಸೋದು. ದಬ್ಬೆ ಸೊಟ್ಟಗಿರ್ತಿತ್ತು, ಪಾಚಿ ಕಟ್ಟಿರ್ತಿತ್ತು, ಬಾಳೆ ಹಗ್ಗದಲ್ಲಿ ನೇತಾಡ್ತಿತ್ತು. ಅದರಿಂದ ಮನೆಯ ಚಂದ ಕೆಡ್ತು ಅಂತ ಯಾರೂ ಹೇಳಿದ್ದು ನಾನು ಕೇಳಿಲ್ಲ.

ಆರ್‌ಸಿಸಿ ತಾರಸಿಯ ಲೆಕ್ಕವೇ ಬೇರೆ. ಅದು ನೀರನ್ನ ಸುತ್ತಲೂ ಗೋಡೆ ಕಟ್ಟಿ ಹಿಡಿದಿಟ್ಟು, ಎರಡೋ ಮೂರೋ ತೂತಿಗೆ ತಳ್ಳತ್ತೆ. ನಮ್ಮ ತಾರಸಿ ಸುಮಾರು 800 ಚದರಡಿ, ಅಂದರೆ 74 ಚದರ ಮೀಟರ್. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಗಂಟೆಗೆ 60 ಮಿಲಿಮೀಟರಿನ ರಭಸದಲ್ಲಿ ಸುರಿದರೆ (ಬೆಂಗಳೂರಿನ ಗುಡುಗು ಮಳೆಗೆ ಇದೇನು ದೊಡ್ಡದಲ್ಲ) ನಿಮಿಷಕ್ಕೆ 74 ಲೀಟರ್, ಹತ್ತಿರ ಹತ್ತಿರ ಐದು ಕೊಡ. ಆ ತೂತಿಗೆ ಹೊಂಗೆ ಎಲೆಯೋ ಪ್ಲಾಸ್ಟಿಕ್ ಕವರೋ ಅಡ್ಡ ಬಂತು ಅಂದ್ಕೊಳ್ಳಿ. ತಾರಸಿ ಮೇಲೆ ನಾಲ್ಕಿಂಚು ನೀರು ನಿಂತರೆ ಏಳೂವರೆ ಟನ್ ಭಾರ. ಕಟ್ಟಡ ತಡೆಯತ್ತೆ ಅಂತಲೇ ಇಟ್ಕೊಳ್ಳಿ, ವಾಟರ್ ಪ್ರೂಫಿಂಗು ತಡೆಯತ್ತಾ?

ಈಗ "ಪೈಪು ಕಾಣದ ಹಾಗೆ ಒಳಗೆ ಹಾಕಿಸಿಬಿಡಿ" ಅನ್ನೋ ಸಲಹೆಗೆ ಬರ್ತೀನಿ. ಅಂದು ಸಂಜೆಯಿಂದ ನಮಗೆ ಸಿಕ್ಕಿದ ಸಲಹೆಗಳಲ್ಲಿ ಹತ್ತಕ್ಕೆ ಎಂಟು ಇದೇ. ನಮ್ಮನೆಯವರೂ ಅದಕ್ಕೇ ಜೋತುಬಿದ್ದಿದ್ದರು. ಗೋಡೆ ಒಡೆದು ಪೈಪು ಹೂತು ಮೇಲೆ ಗಾರೆ ಮಾಡಿ ಬಣ್ಣ ಬಳಿದರೆ ಮುಗೀತು ಅಂತ. ನಾನು ಬೇಡ ಅಂತ ಹಟ ಹಿಡಿದೆ. ಕಾರಣ ಮೈಸೂರಿನ ಭಾವನ ಮನೆ.

ಭಾವ ಹಾಗೇ ಮಾಡಿಸಿದ್ದರು. ಪೈಪು ಎಲ್ಲೂ ಕಾಣ್ತಿರಲಿಲ್ಲ, ಮುಂದೆ ಗೋಡೆ ತುಂಬ ಗ್ರಾನೈಟ್ ಹೊದಿಕೆ, ನೋಡಿದವರೆಲ್ಲ ಹೊಗಳಿದ್ದೇ ಹೊಗಳಿದ್ದು. ಮೂರನೇ ಮಳೆಗಾಲದಲ್ಲಿ ದೇವರಕೋಣೆ ಗೋಡೆಯಲ್ಲಿ ಒಂದು ರೂಪಾಯಿಯಷ್ಟಗಲ ಒದ್ದೆ ಕಾಣಿಸ್ಕೊಂಡಿತು. ಆಮೇಲೆ ಒಂದು ತಟ್ಟೆಯಷ್ಟು. ಆಮೇಲೆ ಬಣ್ಣ ಉಬ್ಬಿ ಉದುರೋಕೆ ಶುರು. ಎಲ್ಲಿ ಸೋರ್ತಿದೆ ಅಂತ ಗೊತ್ತಾಗೋ ಹಾಗಿಲ್ಲ, ನೀರು ಒಂದು ಕಡೆ ಸೋರಿ ಇನ್ನೊಂದು ಕಡೆ ಕಾಣಿಸ್ಕೊಳ್ಳತ್ತೆ. ಮೊದಲು ತಾರಸಿಗೆ ಏನೋ ಬಳಿದರು, ನಿಲ್ಲಲಿಲ್ಲ. ಆಮೇಲೆ ಬಚ್ಚಲುಮನೆ ಟೈಲ್ಸ್ ಕಿತ್ತರು, ಅಲ್ಲೂ ಅಲ್ಲ. ಕೊನೆಗೆ ಗ್ರಾನೈಟು ಒಡೆದು ನೋಡಿದರೆ, ಪೈಪಿನ ಒಂದು ಜಾಯಿಂಟಿಗೆ ಸೊಲ್ಯೂಷನ್ನೇ ಹಚ್ಚಿರಲಿಲ್ಲ! ಬರೀ ಸಿಗಿಸಿ ಬಿಟ್ಟಿದ್ದ. ಹೊರಗಿದ್ದಿದ್ರೆ ಮೊದಲ ಮಳೆಯಲ್ಲೇ ಕಾಣ್ತಿತ್ತು, ಹತ್ತು ನಿಮಿಷದ ಕೆಲಸ. ಒಳಗೆ ಹೂತಿದ್ದಕ್ಕೆ ಆ ಹತ್ತು ನಿಮಿಷದ ಕೆಲಸಕ್ಕೆ ಒಂದು ವರ್ಷ, ಮತ್ತೆ ಭಾವನ ಮಗನ ಕಾಲೇಜು ಫೀಸಿನಷ್ಟು ದುಡ್ಡು. ಅತ್ತಿಗೆ ಇವತ್ತಿಗೂ ಆ ಗೋಡೆ ಕಡೆ ಮುಖ ಮಾಡಿ ಕೂತು ಪೂಜೆ ಮಾಡಲ್ಲ.

ಇದಕ್ಕಿಂತ ಭಯಂಕರವಾದ್ದು ಕಾಲಂ ಒಳಗೆ ಹೂಳೋದು. ಕಾಂಕ್ರೀಟು ತುಂಬುವಾಗಲೇ ಪೈಪು ನಿಲ್ಲಿಸಿಬಿಟ್ಟರೆ ಸಲೀಸು ಅಂತ ಮೇಸ್ತ್ರಿಗಳು ಧೈರ್ಯವಾಗಿ ಹೇಳ್ತಾರೆ. ಲೆಕ್ಕ ಹಾಕಿ ನೋಡಿ. ಸಾಮಾನ್ಯ ಮನೆಯ ಒಂಬತ್ತಿಂಚು-ಒಂದಡಿ ಕಾಲಮ್ಮಿನಲ್ಲಿ 110 ಮಿಲಿಮೀಟರ್ ಪೈಪು ಹೂತರೆ ಸುಮಾರು ಏಳರಲ್ಲಿ ಒಂದು ಪಾಲು ಕಾಂಕ್ರೀಟು ಮಾಯ. ಪೈಪಿಗೂ ಕಂಬಿಗೂ ನಡುವೆ ಜಲ್ಲಿ ಸರಿಯಾಗಿ ಇಳಿಯಲ್ಲ, ಮುಂದೆ ನೀರು ಸೋರಿದರೆ ಮೊದಲು ತುಕ್ಕು ಹಿಡಿಯೋದು ಅದೇ ಕಂಬಿ. ಮನೆ ಹೊತ್ತು ನಿಂತಿರೋ ಕಾಲಿಗೇ ತೂತು ಕೊರೆದು, ಮುಖ ಚಂದ ಕಾಣ್ತು ಅಂತ ಖುಷಿಪಡೋದಾ?

ಇನ್ನುಳಿದ ಸಲಹೆಗಳನ್ನೂ ಹೇಳಿಬಿಡ್ತೀನಿ. ಸಿಮೆಂಟ್ ಬೋರ್ಡಿನಲ್ಲಿ ಡಬ್ಬ ಕಟ್ಟಿ ಮುಚ್ಚೋದು: ಮಾಡಬಹುದು, ಆದರೆ ಕಳಚೋಕೆ ಬರೋ ಹಾಗಿರಬೇಕು. ಇಲ್ಲದಿದ್ರೆ ಅದು ಜಿರಲೆಗಳಿಗೆ ನಾವು ಕಟ್ಟಿಸಿಕೊಟ್ಟ ಮನೆ, ನಮ್ಮದಕ್ಕಿಂತ ಮೊದಲು ಅವರ ಗೃಹಪ್ರವೇಶ. ಬಳ್ಳಿ ಹಬ್ಬಿಸೋದು: ಫೋಟೋದಲ್ಲಿ ಚಂದ, ಆದರೆ ಬಳ್ಳಿಯ ಎಲೆಯೇ ಫಿಲ್ಟರಿಗೆ ಬಂದು ಕೂರತ್ತೆ, ಇಲಿಗೆ ಮೇಲೆ ಹತ್ತೋಕೆ ಏಣಿ ಬೇರೆ. ಜಪಾನಿನವರ ಹಾಗೆ ಪೈಪಿನ ಬದಲು ಸರಪಳಿ ಇಳಿಬಿಡೋದು: ಅಲ್ಲಿ ಅದಕ್ಕೆ ಕುಸಾರಿ ದೋಯಿ ಅಂತಾರೆ, ನೀರು ಸರಪಳಿ ಹಿಡಿದು ಇಳಿಯೋದು ನೋಡೋಕೆ ಬಲು ಚಂದ. ಪೋರ್ಟಿಕೋದಂಥ ಸಣ್ಣ ಮಾಡಿಗೆ ಸರಿ. ಇಡೀ ತಾರಸಿಯ ನೀರನ್ನ, ಅದೂ ಗಾಳಿ ಮಳೆಯಲ್ಲಿ, ಅದರ ಮೇಲೆ ಬಿಟ್ಟರೆ ಅರ್ಧ ಸಂಪಿಗೆ ಅರ್ಧ ಮುಂಬಾಗಿಲಿಗೆ.

ಆ ಮೂರನೇ ರಾತ್ರಿ ಇಂಟರ್ನೆಟ್ಟಿನಲ್ಲಿ ಏನೇನೋ ನೋಡ್ತಾ ಪ್ಯಾರಿಸ್ಸಿನ ಪಾಂಪಿಡೂ ಸೆಂಟರ್ ಚಿತ್ರ ಸಿಕ್ಕಿತು. 1977ರಲ್ಲಿ ತೆರೆದ ಕಟ್ಟಡ, ರೆಂಜೋ ಪಿಯಾನೋ ಮತ್ತು ರಿಚರ್ಡ್ ರಾಜರ್ಸ್ ಅನ್ನೋರು ಮಾಡಿದ್ದು. ಒಳಗಿರಬೇಕಾದ ಪೈಪುಗಳನ್ನೆಲ್ಲ ಹೊರಗೇ ಹಾಕಿ ಬಣ್ಣ ಹೊಡೆದಿದ್ದಾರೆ. ಗಾಳಿಗೆ ನೀಲಿ, ನೀರಿಗೆ ಹಸಿರು, ಕರೆಂಟಿಗೆ ಹಳದಿ. ನಮ್ಮನೆಯವರಿಗೆ ತೋರಿಸಿದೆ. "ಅವರು ಮಾಡಿದ್ರೆ ಕಲೆ, ನಾವು ಮಾಡಿದ್ರೆ ದುಡ್ಡಿಲ್ಲ ಅಂತಾರೆ" ಅಂದರು. ನಾಲ್ಕು ದಿನದಲ್ಲಿ ಮೊದಲ ಸಲ ನಕ್ಕಿದ್ದು ಅವಾಗಲೇ.

ಆಮೇಲೆ ಇಬ್ಬರೂ ಕೂತು ಸಮಾಧಾನವಾಗಿ ಯೋಚಿಸಿದಾಗ ಹೊಳೆದಿದ್ದು, ನಮಗೆ ಹಿಂಸೆ ಆಗ್ತಿರೋದು ಪೈಪಿನಿಂದಲ್ಲ, ಆ ಎಲ್ಬೋಗಳಿಂದ. ನೆಟ್ಟಗೆ ಇಳಿದ ಪೈಪನ್ನ ಕಣ್ಣು ಒಂದು ವಾರದಲ್ಲಿ ಮರೆತುಬಿಡತ್ತೆ. ಗೋಡೆಯ ಅಂಚಿನ ಹಾಗೆ ಅದೂ ಒಂದು ಗೆರೆ. ಅಲ್ಲಿ ಇಲ್ಲಿ ಸೊಟ್ಟ ತಿರುಗಿದ ಪೈಪು ಮಾತ್ರ ದಿನಾ "ನನ್ನನ್ನ ಯಾರೂ ನೆನಪು ಮಾಡ್ಕೊಂಡಿರಲಿಲ್ಲ" ಅಂತ ಹೇಳ್ತಾನೇ ಇರತ್ತೆ. ಪ್ರತಿ ತಿರುವಿನಲ್ಲೂ ಕಸ ಕಟ್ಟಿಕೊಳ್ಳತ್ತೆ ಅನ್ನೋದು ಬೇರೆ.

ಬಾಗಿಲ ಪಕ್ಕದ ಪೈಪಿಗೆ ದಾರಿ ತೋರಿಸಿದ್ದು ಪ್ಲಂಬರ್ರೇ. "ಅಮ್ಮಾ, ಈಶಾನ್ಯ ಅಂದ್ರೆ ಮೂಲೆ ತಾನೆ? ಮೂಲೆಗೆ ಎರಡು ಕಡೆ ಇದೆಯಲ್ಲ" ಅಂದ. ನೋಡಿ, ಎಂಜಿನಿಯರ್ರು, ವಾಸ್ತುವಿನವರು, ನಾವು ಯಾರಿಗೂ ತೋಚಿರಲಿಲ್ಲ. ಪ್ಯಾರಪೆಟ್ಟಿನ ಪೂರ್ವದ ಮುಖದಲ್ಲಿದ್ದ ತೂತನ್ನ ಬಿಟ್ಟು ಉತ್ತರದ ಮುಖದಲ್ಲಿ ಒಂದಡಿ ಆಚೆ ಹೊಸ ತೂತು ಹಾಕಿದ. ಪೈಪು ಪಕ್ಕದ ಮೂರಡಿ ಓಣಿಯಲ್ಲಿ ಇಳಿದು ಮುಂದಕ್ಕೆ ಬಂತು. ರಸ್ತೆಗೆ ಕಾಣಲ್ಲ, ಈಶಾನ್ಯ ತಪ್ಪಿಲ್ಲ, ಅತ್ತೆಗೂ ಸಮಾಧಾನ. ಹಳೇ ತೂತನ್ನ ಪೂರ್ತಿ ಮುಚ್ಚಿಸಲಿಲ್ಲ. ಮೂರಿಂಚು ಮೇಲೆತ್ತಿ ಒಂದು ಗೇಣು ಪೈಪು ಬಿಟ್ಟಿದೀವಿ. ಕೆಳಗಿನದು ಕಟ್ಟಿಕೊಂಡರೆ ನೀರು ಅಲ್ಲಿಂದ ಬಾಗಿಲ ಮುಂದೆಯೇ ಬೀಳತ್ತೆ. ಬೇಕಂತಲೇ ಅಲ್ಲಿ ಬಿಟ್ಟಿದ್ದು, ಬಿದ್ದ ತಕ್ಷಣ ಗೊತ್ತಾಗಲಿ ಅಂತ.

ಬಾಲ್ಕನಿ ಹತ್ತಿರದ್ದನ್ನ ಎರಡಡಿ ಸರಿಸಿ ಬಾಲ್ಕನಿಯೂ ಸಜ್ಜಾವೂ ಮುಗಿಯೋ ಕಡೆಗೆ ತಂದ್ವಿ. ಪೂರ್ವದ ಅಂಚಿನುದ್ದಕ್ಕೂ ಇಳಿಜಾರು ಇದ್ದಿದ್ದರಿಂದ ಕಷ್ಟ ಆಗಲಿಲ್ಲ. ಈಗ ಅದು ಮೇಲಿಂದ ಫಿಲ್ಟರಿನವರೆಗೆ ಒಂದೇ ಗೆರೆ, ಒಂದೂ ತಿರುವಿಲ್ಲ. ಅದು ಮನೆಯ ಮುಖದ ಮೇಲೇ ಇದೆ. ಇರಲಿ.

ಮನೆ ಕಟ್ಟಿಸೋಕೆ ಹೊರಟಿರೋರಿಗೆ ಒಂದೆರಡು ಮಾತು. ಮೌಲ್ಡ್ ಹಾಕೋ ಮುಂಚೆಯೇ ತಾರಸಿ ನಕ್ಷೆಯಲ್ಲಿ ತೂತುಗಳ ಜಾಗ ಗುರುತು ಹಾಕಿಸಿ, ಆ ಗೆರೆಯನ್ನ ಎಲಿವೇಷನ್ ಚಿತ್ರದಲ್ಲೂ ಎಳೆಸಿ. ಮುಂದೆಯೇ ಇಳಿಯೋದು ಖಂಡಿತ ಅಂತಾದ್ರೆ ಗೋಡೆ ಕಟ್ಟುವಾಗಲೇ ಪೈಪು ಕೂರುವಷ್ಟು ತೆರೆದ ತೋಡು ಬಿಡಿಸಬಹುದು. ತೋಡು ತೆರೆದೇ ಇರಲಿ, ಮುಚ್ಚಬೇಡಿ. ಎಸ್‌ಡಬ್ಲ್ಯುಆರ್ ಪೈಪಿನಲ್ಲಿ ಟೈಪ್ ಎ, ಟೈಪ್ ಬಿ ಅಂತ ಎರಡು ಬರತ್ತೆ. ಎ ತೆಳು, ಮಳೆ ನೀರಿಗೆ ಸಾಕು. ಬಿ ಶೌಚದ ನೀರಿಗೆ ಅಂತ ಮಾಡಿದ ದಪ್ಪದ್ದು. ಸ್ಕೂಟರು, ಸೈಕಲ್ಲು ತಾಗೋ ಕೆಳಗಿನ ಐದಡಿಗೆ ನಾವು ಬಿ ಹಾಕಿಸಿದ್ವಿ. ಬಣ್ಣ ಹೊಡೆಯೋ ಮುಂಚೆ ಉಪ್ಪು ಕಾಗದದಲ್ಲಿ ಉಜ್ಜಿ ಪ್ರೈಮರ್ ಹಾಕಿಸಿ, ಇಲ್ಲದಿದ್ದರೆ ನುಣುಪಾದ ಪಿವಿಸಿಯಿಂದ ಸಿಪ್ಪೆ ಸುಲಿದ ಹಾಗೆ ಎದ್ದುಬರತ್ತೆ. ಬಣ್ಣ ಬರೀ ಚಂದಕ್ಕಲ್ಲ, ಬಿಸಿಲಿಗೆ ಪಿವಿಸಿ ಪೆಡಸಾಗಿ ಒಡೆಯೋದೂ ತಡ ಆಗತ್ತೆ.

ಗೃಹಪ್ರವೇಶಕ್ಕೆ ಊರಿಂದ ಅಪ್ಪಯ್ಯ ಬಂದಿದ್ದರು. ಬಂದವರೆಲ್ಲ ಕಿಚನ್ ನೋಡಿದರು, ಫಾಲ್ಸ್ ಸೀಲಿಂಗ್ ನೋಡಿದರು, ಒಂದಿಬ್ಬರು ಪೈಪು ನೋಡಿ ಮುಖ ಮುಖ ನೋಡ್ಕೊಂಡಿದ್ದನ್ನ ನಾನು ನೋಡಿದೆ. ಅಪ್ಪಯ್ಯ ಮಾತ್ರ ಪೈಪಿನ ಬುಡದಲ್ಲಿ ಕೂತು "ಈ ನೀರು ಎಲ್ಲಿಗೆ ಹೋಗ್ತದೆ ಮಾರಾಯ್ತಿ?" ಅಂತ ಕೇಳಿದರು. ಫಿಲ್ಟರಿಗೆ, ಅಲ್ಲಿಂದ ಸಂಪಿಗೆ, ಸಂಪು ತುಂಬಿದ ಮೇಲೆ ಇಂಗುಗುಂಡಿಗೆ ಅಂದೆ. ಬೆಂಗಳೂರಿಗೆ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ, ನಮ್ಮ ತಾರಸಿಗೆ 72 ಸಾವಿರ ಲೀಟರ್ ಬೀಳತ್ತೆ, ಮೊದಲ ಮಳೆ ಚೆಲ್ಲಿದ್ದು, ಆರಿಹೋಗಿದ್ದು ಕಳೆದರೂ 60 ಸಾವಿರ, ಅಂದರೆ ಆರು ಸಾವಿರ ಲೀಟರಿನ ಹತ್ತು ಟ್ಯಾಂಕರ್ ಅಂತ ಲೆಕ್ಕ ಒಪ್ಪಿಸಿದೆ. 2024ರ ಬೇಸಿಗೆಯಲ್ಲಿ ನಾವು ಬಾಡಿಗೆ ಮನೆಯಲ್ಲಿ ಬೋರ್ ಬತ್ತಿ, ಟ್ಯಾಂಕರಿನವನಿಗೆ ಫೋನ್ ಮೇಲೆ ಫೋನ್ ಮಾಡ್ತಿದ್ದಿದ್ದು ಅವರಿಗೆ ಗೊತ್ತಿತ್ತು. "ನಮ್ಮಲ್ಲಿ ನೀರು ಹೊರಗೆ ಹಾಕೂಕೆ ದಬ್ಬೆ, ನಿಮ್ಮಲ್ಲಿ ಒಳಗೆ ತಗಳೂಕೆ" ಅಂದರು.

ಎರಡು ದಿನ ಬಿಟ್ಟು ರಾತ್ರಿ ಒಂಬತ್ತಕ್ಕೆ ಗುಡುಗಿ ಮಳೆ ಬಂತು. ಕರೆಂಟು ಹೋಯ್ತು. ಅಪ್ಪಯ್ಯ ಕುರ್ಚಿ ತಂದು ಪೋರ್ಟಿಕೋದಲ್ಲಿ ಹಾಕ್ಕೊಂಡು ಪೈಪಿಗೆ ಕೈಯಿಟ್ಟು ಕೂತಿದ್ದರು. ಒಳಗೆ ನೀರು ಇಳಿಯೋದು ಕೈಗೆ ಗೊತ್ತಾಗತ್ತೆ, ಗುಡುಗುಡು ಅಂತ. ನಾನೂ ಕೈಯಿಟ್ಟೆ. ಆಮೇಲೆ ನಮ್ಮನೆಯವರು ಟಾರ್ಚ್ ಹಿಡಕೊಂಡು ಬಂದು, ಜಾಯಿಂಟ್ ಎಲ್ಲಾದ್ರೂ ಸೋರ್ತಿದೆಯಾ ಅಂತ ಕೆಳಗಿಂದ ಮೇಲಿನವರೆಗೆ ಬೆಳಕು ಬಿಟ್ಟು ನೋಡಿದರು. ಒಂದು ಕಡೆ ಹನಿ ಇತ್ತು. ಮರುದಿನ ಬೆಳಗ್ಗೆ ಪ್ಲಂಬರ್ ಬಂದು ಹತ್ತು ನಿಮಿಷದಲ್ಲಿ ಸರಿ ಮಾಡಿ ಹೋದ.

ಸೋಮವಾರ ಪೇಂಟರ್ ಬರ್ತಾನೆ. ಗೋಡೆಯ ಕೆನೆ ಬಣ್ಣವನ್ನೇ ಪೈಪಿಗೂ ಹೊಡೆಸೋಣ, ಕಾಣಲ್ಲ ಅಂತ ನಮ್ಮನೆಯವರು. ಗೇಟಿನ ಕಪ್ಪು ಬಣ್ಣ ಹೊಡೆಸೋಣ, ಕಾಣಲಿ ಅಂತ ನಾನು. ಇನ್ನೂ ತೀರ್ಮಾನ ಆಗಿಲ್ಲ. ಅತ್ತೆ ಕಪ್ಪು ಅಪಶಕುನ ಅಂತಿದಾರೆ.